ಕೈ ಕೆಸರಾದವರು

ನಮ್ಮ ಹಳೆಯ ಮನೆಯ ಹಿತ್ತಲಿನ ಬಾವಿ ಏಳು ಮಾರು ಆಳ. ಎರಡು ತೋಳುಗಳನ್ನೂ ಚಾಚಿ ನಿಂತರೆ ಈ ಕೈಯ ಬೆರಳ ತುದಿಯಿಂದ ಆ ಕೈಯ ಬೆರಳ ತುದಿಗೆ ಎಷ್ಟಾಗುವುದೋ ಅಷ್ಟು ಒಂದು ಮಾರು. ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ಹಗ್ಗದಿಂದ ಕೊಡ ಕಳಚಿ ಬಾವಿಗೆ ಬೀಳುವುದಿತ್ತು. ಆಗ ನೆರೆಮನೆಯಿಂದ ಪಾತಾಳಗರಡಿ ಬರುತ್ತಿತ್ತು. ಆ ಕೊಕ್ಕೆಗಳ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಹಗ್ಗ ಸಡಿಲವಾದದ್ದರಿಂದ ತಳ ಮುಟ್ಟಿತೆಂದು ತಿಳಿದು, ಕುರುಡರಂತೆ ಅತ್ತಿತ್ತ ಎಳೆದಾಡುತ್ತಿದ್ದರು. ಕೊಡ ಸಿಕ್ಕರೆ ಸಿಕ್ಕಿತು. ಇಲ್ಲವಾದರೆ ಕಪ್ಪು ಕೆಸರು, ಎಂದೋ ಬಿದ್ದ ಚೊಂಬು, ತೆಂಗಿನ ಚಿಪ್ಪು. ಮಕ್ಕಳಾದ ನಾವು ಸುತ್ತ ನೆರೆದು ಬಗ್ಗಿ ನೋಡುತ್ತಿದ್ದೆವು. ಅಜ್ಜಿ ತನ್ನ ಡೊಂಕಾದ ಕಿರುಬೆರಳನ್ನೆತ್ತಿ ಎರಡು ಮಾತು ಹೇಳುತ್ತಿದ್ದಳು: “ಹಗ್ಗದ ಸುರುಳಿಯೊಳಗೆ ಕಾಲಿಡಬೇಡ್ರೋ. ರಾಟೆಯ ಎದುರಿಗೆ ನಿಲ್ಲಬೇಡ್ರೋ.”

ಇಂಗ್ಲಿಷ್ ನಾವಿಕರು ಕಡಲಿನ ಆಳವನ್ನು ಅಳೆಯುವ ಫ್ಯಾದಮ್ ನಮ್ಮ ಮಾರಲ್ಲದೆ ಬೇರೆಯಲ್ಲ. ಅವರಿಗೂ ಅದು ಚಾಚಿದ ತೋಳುಗಳ ಅಳತೆಯೇ. ಲೆಕ್ಕಕ್ಕೆ ಆರು ಅಡಿ. ೧೮೭೫ರ ಮಾರ್ಚ್ ೨೩ರಂದು ಪೆಸಿಫಿಕ್ ಸಾಗರದಲ್ಲಿ, ಮರಿಯಾನಾ ದ್ವೀಪಗಳ ಬಳಿ, ಚಾಲೆಂಜರ್ ಎಂಬ ಬ್ರಿಟಿಷ್ ಹಡಗು ಹಗ್ಗ ಇಳಿಬಿಟ್ಟು ೪,೪೭೫ ಮಾರು ಆಳವನ್ನು ಕಂಡಿತು. ಎಂದರೆ ೨೬,೮೫೦ ಅಡಿ. ನಮ್ಮ ಮುಳ್ಳಯ್ಯನಗಿರಿಯಂಥ ನಾಲ್ಕು ಬೆಟ್ಟಗಳನ್ನು ಒಂದರ ತಲೆಯ ಮೇಲೊಂದು ನಿಲ್ಲಿಸಿದರೂ ಎಲ್ಲವೂ ಮುಳುಗಿ, ಮೇಲೆ ಇನ್ನೂ ಸಾವಿರದೈನೂರು ಅಡಿ ನೀರು ನಿಲ್ಲುತ್ತದೆ. ಅಲ್ಲಿಯ ನೀರಿನ ಒತ್ತಡಕ್ಕೆ ಇಳಿಬಿಟ್ಟ ಉಷ್ಣಮಾಪಕಗಳು ಒಡೆದು ಹೋದವು.

ಈ ಸಂಖ್ಯೆಯನ್ನು ಮೊದಲ ಸಲ ಓದಿದಾಗ ನನಗೆ ಹೊಳೆದದ್ದು ವಿಜ್ಞಾನದ ಪ್ರಶ್ನೆಯಲ್ಲ, ಬಾವಿಕಟ್ಟೆಯ ಪ್ರಶ್ನೆ. ಏಳು ಮಾರು ಹಗ್ಗ ಎಳೆದರೆ ಅಂಗೈ ಏನಾಗುತ್ತದೆಂದು ನನಗೆ ಗೊತ್ತು. ಈ ನಾಲ್ಕೂವರೆ ಸಾವಿರ ಮಾರು ಹಗ್ಗವನ್ನು ಎಳೆದವರು ಯಾರು? ಅವರು ಏನು ತಿಂದರು, ಎಲ್ಲಿ ಮಲಗಿದರು? ಅವರಿಗೆ “ಅಲ್ಲಿ ನಿಲ್ಲಬೇಡ” ಎಂದು ಹೇಳುವವರು ಯಾರಾದರೂ ಇದ್ದರೆ?

ಮೊದಲು ಹಡಗಿನ ಪರಿಚಯ ಮಾಡಿಕೊಳ್ಳೋಣ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಪಂಡಿತ, ಕಡಲಿನಲ್ಲಿ ಮುನ್ನೂರು ಮಾರಿನ ಕೆಳಗೆ ಜೀವಿಗಳಿರುವುದು ಸಾಧ್ಯವಿಲ್ಲವೆಂಬ ತರ್ಕವನ್ನು ಮುಂದಿಟ್ಟಿದ್ದ. ಬೆಳಕಿಲ್ಲ, ಚಳಿ, ಮೇಲೆ ನೀರಿನ ಭಾರ, ಬದುಕುವುದು ಹೇಗೆ? ತರ್ಕ ಸರಿಯಾಗಿಯೇ ಕಾಣುತ್ತಿತ್ತು. ಆದರೆ ೧೮೬೮ರಲ್ಲಿ ಲೈಟ್ನಿಂಗ್, ಅದರ ಮರುವರ್ಷ ಪಾರ್ಕ್ಯುಪೈನ್ ಎಂಬ ಹಡಗುಗಳಲ್ಲಿ ಹೋದ ವೈವಿಲ್ ಥಾಮ್ಸನ್ ಮತ್ತು ಅವನ ಸಂಗಡಿಗರು ಅದಕ್ಕಿಂತ ಬಹಳ ಆಳದಿಂದ ಜೀವಂತ ಪ್ರಾಣಿಗಳನ್ನು ಎತ್ತಿ ತಂದರು. ಇನ್ನು ಒಂದೆರಡು ಕಡೆ ನೋಡಿದರೆ ಸಾಲದು, ಲೋಕದ ಸಾಗರಗಳನ್ನೆಲ್ಲ ನೋಡಬೇಕು ಎಂದು ಲಂಡನ್ನಿನ ರಾಯಲ್ ಸೊಸೈಟಿ ಸರಕಾರವನ್ನು ಕೇಳಿತು. ನೌಕಾ ಇಲಾಖೆ ಒಂದು ಯುದ್ಧನೌಕೆಯನ್ನು ಕೊಟ್ಟಿತು. ಅದೇ ಚಾಲೆಂಜರ್.

೧೮೫೮ರಲ್ಲಿ ನೀರಿಗಿಳಿದ ಮರದ ಹಡಗು ಅದು; ಸುಮಾರು ಇನ್ನೂರು ಅಡಿ ಉದ್ದ; ಹಾಯಿಯೂ ಉಂಟು, ಉಗಿ ಯಂತ್ರವೂ ಉಂಟು. ಅದರ ಹದಿನೇಳು ಫಿರಂಗಿಗಳಲ್ಲಿ ಎರಡನ್ನು ಮಾತ್ರ ಉಳಿಸಿ, ಮಿಕ್ಕವನ್ನು ಇಳಿಸಿದರು. ಫಿರಂಗಿಗಳು ನಿಂತಿದ್ದ ಜಾಗದಲ್ಲಿ ಪ್ರಾಣಿಶಾಸ್ತ್ರದ ಕೋಣೆ, ರಸಾಯನಶಾಲೆ, ಫೋಟೋ ತೊಳೆಯುವ ಕತ್ತಲೆಕೋಣೆ ಎದ್ದವು. ಕಡಲಿನಲ್ಲಿ ಮೇಜೂ ಅಲ್ಲಾಡುತ್ತದೆ, ಮೇಜಿನ ಮುಂದಿನ ಮನುಷ್ಯನೂ ಅಲ್ಲಾಡುತ್ತಾನೆ. ಆದ್ದರಿಂದ ಸೂಕ್ಷ್ಮದರ್ಶಕವನ್ನು ಮೇಜಿಗೆ ಬಿಗಿಯಬೇಕು, ಸೀಸೆಗಳಿಗೆ ಒಂದೊಂದಕ್ಕೂ ಗೂಡು ಬೇಕು. ಮನೆಯಲ್ಲಿ ವಸ್ತುವನ್ನು ಇಟ್ಟರೆ ಅದು ಇಟ್ಟಲ್ಲಿ ಇರುತ್ತದೆ. ಹಡಗಿನಲ್ಲಿ ಕಟ್ಟಿದರೆ ಮಾತ್ರ ಇರುತ್ತದೆ. ಸಂಶೋಧನೆಯ ಹಡಗಿನ ಮೊದಲ ಪಾಠ ಅದು. ಇಂದಿಗೂ ಆ ಪಾಠ ಬದಲಾಗಿಲ್ಲ.

೧೮೭೨ರ ಡಿಸೆಂಬರ್ ೨೧ರಂದು ಚಾಲೆಂಜರ್ ಪೋರ್ಟ್ಸ್‌ಮತ್ ರೇವನ್ನು ಬಿಟ್ಟಿತು. ಕಪ್ತಾನ ಜಾರ್ಜ್ ನೇರ್ಸ್. ವಿದ್ವಾಂಸರ ಬಳಗದಲ್ಲಿ ಆರು ಮಂದಿ: ಮುಖ್ಯಸ್ಥ ಥಾಮ್ಸನ್, ಜಾನ್ ಮರ್ರೆ, ಮೋಸ್ಲಿ, ಜರ್ಮನಿಯ ತರುಣ ವಿಲ್ಲೆಮೋಸ್-ಸೂಮ್, ಈ ಮೂವರು ಪ್ರಕೃತಿವಿಜ್ಞಾನಿಗಳು, ಬುಕಾನನ್ ರಸಾಯನಜ್ಞ, ವೈಲ್ಡ್ ಚಿತ್ರಗಾರ ಮತ್ತು ಕಾರ್ಯದರ್ಶಿ. ಎಲ್ಲ ಸೇರಿ ಹಡಗಿನಲ್ಲಿದ್ದವರು ಸುಮಾರು ಇನ್ನೂರ ನಲವತ್ತು. ಆರು ಮಂದಿಯ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ಉಳಿದವರ ವಿಷಯ ತಿಳಿಯಬೇಕಾದರೆ ಹುಡುಕಬೇಕು.

ಹುಡುಕುವವರಿಗೆ ಒಬ್ಬ ಒಳ್ಳೆಯ ಸಾಕ್ಷಿ ಇದ್ದಾನೆ. ಜೋಸೆಫ್ ಮ್ಯಾಟ್ಕಿನ್ ಎಂಬ ಹತ್ತೊಂಬತ್ತರ ಹುಡುಗ, ಹಡಗಿನ ಉಗ್ರಾಣಿಯ ಸಹಾಯಕನಾಗಿದ್ದವನು. ಹಿಟ್ಟು, ಬಿಸ್ಕತ್ತು, ಉಪ್ಪು ಮಾಂಸ ಅಳೆದು ಕೊಡುವುದು ಅವನ ಕೆಲಸ. ಬಿಡುವಾದಾಗ ಮನೆಯವರಿಗೆ ಉದ್ದುದ್ದ ಕಾಗದ ಬರೆಯುತ್ತಿದ್ದ. ಆ ಕಾಗದಗಳು ಪುಸ್ತಕವಾಗಿ ಹೊರಬಂದದ್ದು ೧೯೯೨ರಲ್ಲಿ, ನೂರಿಪ್ಪತ್ತು ವರ್ಷಗಳ ಮೇಲೆ. ಖಲಾಸಿಗಳು ವಿದ್ವಾಂಸರನ್ನು “ಸೈಂಟಿಫಿಕ್ಸ್” ಎಂದು ಕರೆಯುತ್ತಿದ್ದರೆಂಬುದು ಅವುಗಳಿಂದ ತಿಳಿಯುತ್ತದೆ. ನಮ್ಮಲ್ಲಿ ಹಳ್ಳಿಯವರು “ಆ ಸರ್ವೇದವರು” ಎನ್ನುವುದಿಲ್ಲವೆ? ಹಾಗೆ. ಗೌರವ ಇಲ್ಲವೆಂದಲ್ಲ, ಆದರೆ ಅವರು ಬೇರೆ, ನಾವು ಬೇರೆ.

ಹಡಗಿನ ದಿನವನ್ನು ಗಂಟೆ ಆಳುತ್ತಿತ್ತು. ನಾಲ್ಕು ನಾಲ್ಕು ಗಂಟೆಗಳ ಪಾಳಿ. ಪಾಳಿಯ ಮೊದಲ ಅರ್ಧ ಗಂಟೆ ಮುಗಿದಾಗ ಒಂದು ಬಡಿತ, ಮತ್ತರ್ಧಕ್ಕೆ ಎರಡು. ಹೀಗೆ ಎಂಟು ಬಡಿದರೆ ಪಾಳಿ ಮುಗಿಯಿತು. ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಮಾತ್ರ ಎರಡು ಹೋಳು ಮಾಡಿದ್ದರು. ಹಾಗೆ ಮಾಡದಿದ್ದರೆ ನಡುರಾತ್ರಿಯ ಪಾಳಿ ದಿನವೂ ಒಂದೇ ಗುಂಪಿನ ಪಾಲಿಗೆ ಬೀಳುತ್ತಿತ್ತು. ಈ ಸಣ್ಣ ಏರ್ಪಾಡಿನಲ್ಲಿ ಎಂಥ ನ್ಯಾಯಬುದ್ಧಿ ಇದೆ ನೋಡಿ! ನಸುಕಿನಲ್ಲಿ ಎದ್ದು ಹಡಗಿನ ಹಲಗೆನೆಲವನ್ನು ಕಲ್ಲಿನಿಂದ ಉಜ್ಜಿ ತೊಳೆಯುವುದು. ಬಳಿಕ ತಿಂಡಿ. ಬಂದರು ಬಿಟ್ಟ ಕೆಲವು ದಿನ ಹಸಿ ತರಕಾರಿ, ಹಸಿ ಮಾಂಸ. ಆಮೇಲೆ ಉಪ್ಪು ಹಾಕಿದ ಮಾಂಸ, ಬಟಾಣಿ, ಕಲ್ಲಿನಂಥ ಬಿಸ್ಕತ್ತು. ಹಲ್ಲಿನ ವಸಡು ಕೊಳೆಯುವ ಸ್ಕರ್ವಿ ರೋಗ ಬಾರದಂತೆ ನಿಂಬೆಯ ಜಾತಿಯ ಹಣ್ಣಿನ ರಸ. ಮಧ್ಯಾಹ್ನ ನೀರು ಬೆರೆಸಿದ ರಮ್ ಒಂದು ಅಳತೆ. ಬ್ರಿಟಿಷ್ ನೌಕಾಪಡೆಯ ಈ ರಮ್ಮಿನ ಪಡಿ ನಿಂತದ್ದು ೧೯೭೦ರಲ್ಲಿ ಎಂದರೆ ಎಷ್ಟು ಗಟ್ಟಿ ಸಂಪ್ರದಾಯವೆಂದು ಊಹಿಸಬಹುದು. ಮಲಗಲು ತೂಗುಮಂಚದ ಬಟ್ಟೆ. ಒಬ್ಬ ಹೊರಳಿದರೆ ಪಕ್ಕದವನಿಗೆ ತಾಗಬೇಕು, ಅಷ್ಟೇ ಜಾಗ. ಇವರ ಜೊತೆಗೆ ಜಿರಳೆಗಳ ಒಂದು ಸೈನ್ಯ. ಒಂದು ಗಿಳಿಯೂ ಇತ್ತು. ವಿದ್ವಾಂಸರ ಊಟದ ಕೋಣೆಯಲ್ಲಿ ಕುಳಿತು, ಇಷ್ಟು ಸಾವಿರ ಮಾರಾದರೂ ತಳ ಸಿಗಲಿಲ್ಲವಲ್ಲ ಎಂದು ಅವರ ಮಾತನ್ನೇ ಆಡುತ್ತಿತ್ತು.

ಇವೆಲ್ಲ ಯಾವ ಯುದ್ಧನೌಕೆಯಲ್ಲಾದರೂ ಇದ್ದದ್ದೇ. ಚಾಲೆಂಜರಿನಲ್ಲಿ ಇದರ ಮೇಲೆ ಇನ್ನೊಂದು ದುಡಿತ ಬಂದು ಕುಳಿತಿತು. ಗೊತ್ತು ಮಾಡಿದ ಸ್ಥಳಕ್ಕೆ ಬಂದೊಡನೆ ಹಾಯಿಗಳನ್ನು ಮಡಿಸಿ, ಉಗಿ ಯಂತ್ರವನ್ನು ನಡೆಸಿ, ಗಾಳಿಗೆ ಮುಖಮಾಡಿ ಹಡಗನ್ನು ಒಂದೇ ಕಡೆ ಹಿಡಿದು ನಿಲ್ಲಿಸಬೇಕು. ಹಡಗು ಸರಿದರೆ ಹಗ್ಗ ಓರೆಯಾಗುತ್ತದೆ, ಅಳತೆ ಸುಳ್ಳಾಗುತ್ತದೆ. ಹಗ್ಗಕ್ಕೆ ಇಪ್ಪತ್ತೈದು ಮಾರಿಗೊಂದು ಗುರುತು. ಕಬ್ಬಿಣದ ತೂಕ ಕಟ್ಟಿ ಬಿಟ್ಟು, ಒಬ್ಬ ಗಡಿಯಾರ ಹಿಡಿದು ಗುರುತಿನಿಂದ ಗುರುತಿಗೆ ಎಷ್ಟು ಹೊತ್ತು ಹಿಡಿಯಿತೆಂದು ಬರೆಯುತ್ತಾ ಹೋಗಬೇಕು. ಆ ಹೊತ್ತು ಇದ್ದಕ್ಕಿದ್ದಂತೆ ಹಿಗ್ಗಿದರೆ ತೂಕ ತಳ ಮುಟ್ಟಿತೆಂದು ಅರ್ಥ. ಸಾವಿರಾರು ಮಾರು ಹಗ್ಗದ ತುದಿಯಲ್ಲಿ ಕೈಗೆ ಬೇರೇನೂ ತಿಳಿಯುವುದಿಲ್ಲ. ತಳ ಮುಟ್ಟಿದಾಗ ತೂಕ ತಾನಾಗಿ ಕಳಚಿ ಅಲ್ಲಿಯೇ ಉಳಿಯುತ್ತದೆ. ಒಂದು ಕೊಳವೆ ಚಿಟಿಕೆ ಕೆಸರನ್ನು ಹೊತ್ತು ಮೇಲೆ ಬರುತ್ತದೆ. ಹಗ್ಗದ ಬದಲು ತೆಳ್ಳನೆಯ ಉಕ್ಕಿನ ತಂತಿಯನ್ನು ಸುತ್ತುವ ಹೊಸ ಯಂತ್ರವೊಂದನ್ನೂ ಜೊತೆಗೆ ಕೊಂಡೊಯ್ದಿದ್ದರು. ಅದರ ಉರುಳೆ ಪರೀಕ್ಷೆಯಲ್ಲಿಯೇ ಜಜ್ಜಿಹೋಯಿತು. ಮತ್ತೆ ಹಳೆಯ ಸೆಣಬಿನ ಹಗ್ಗವೇ ಗತಿಯಾಯಿತು.

ಆಮೇಲೆ ಡ್ರೆಜ್ಜಿನ ಸರದಿ. ಕಬ್ಬಿಣದ ಚೌಕಟ್ಟಿಗೆ ಬಲೆಯ ಚೀಲ ಕಟ್ಟಿದ ದೊಡ್ಡ ಪಾತಾಳಗರಡಿ ಎಂದುಕೊಳ್ಳಿ. ಅದರ ತುದಿಗೆ ಸೆಣಬಿನ ಕುಚ್ಚುಗಳನ್ನು ಕಟ್ಟಿದ್ದರು. ಇದರ ಹಿಂದೆ ಒಂದು ಸ್ವಾರಸ್ಯವಿದೆ. ಮೊದಲಿನ ಪಾರ್ಕ್ಯುಪೈನ್ ಯಾನದಲ್ಲಿ ಕಪ್ತಾನ ಕ್ಯಾಲ್ವರ್, ಚೀಲದ ಹೊರಗೆ ಕೆಲವು ಪ್ರಾಣಿಗಳು ಅಂಟಿಕೊಂಡು ಬರುವುದನ್ನು ಕಂಡು, ಹಡಗಿನ ನೆಲ ಒರಸುವ ಸೆಣಬಿನ ಕುಚ್ಚನ್ನೇ ತಂದು ಡ್ರೆಜ್ಜಿಗೆ ಕಟ್ಟಿಸಿದ. ಎಷ್ಟೋ ಸಲ ಪಂಡಿತರ ಚೀಲ ಬರಿದಾಗಿ ಬಂದರೂ ಖಲಾಸಿಯ ಕುಚ್ಚಿನ ತುಂಬ ನಕ್ಷತ್ರಮೀನು, ಹವಳ, ಸ್ಪಂಜು ಸಿಕ್ಕಿಕೊಂಡು ಬರುತ್ತಿದ್ದವು.

ಬೆಳಿಗ್ಗೆ ಇಳಿಸಿದ ಡ್ರೆಜ್ಜು ಮೇಲೆ ಬರುವಾಗ ಎಷ್ಟೋ ದಿನ ಸಂಜೆಯಾಗುತ್ತಿತ್ತು. ಹಗ್ಗ ಎಳೆಯಲು ಹದಿನೆಂಟು ಅಶ್ವಶಕ್ತಿಯ ಒಂದು ಚಿಕ್ಕ ಉಗಿ ಯಂತ್ರವಿತ್ತು ನಿಜ. ಆದರೆ ಒದ್ದೆ ಹಗ್ಗವನ್ನು ಹಿಡಿದು, ಸುರುಳಿ ಸುತ್ತಿ, ಚೀಲವನ್ನು ಎತ್ತಿ, ಮಣಗಟ್ಟಲೆ ಕೆಸರನ್ನು ಜರಡಿಯಾಡುವುದು ಮನುಷ್ಯರ ಕೆಲಸ. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ನಡೆಯುತ್ತಿತ್ತು. ಒಂದೇ ವ್ಯತ್ಯಾಸ, ಕೆಸರಾದದ್ದು ಒಬ್ಬರ ಕೈ, ಮೊಸರು ಇನ್ನೊಬ್ಬರ ಬಾಯಿಗೆ. ಇಂಗ್ಲಿಷಿನಲ್ಲಿ ಡ್ರೆಜ್ಜಿಂಗ್ ಎಂಬ ಮಾತಿನ ಒಂದು ಸ್ವರ ಬದಲಿಸಿದರೆ ಡ್ರಜ್ಜಿಂಗ್, ಎಂದರೆ ಕತ್ತೆಚಾಕರಿ. ಖಲಾಸಿಗಳು ಹಾಗೆಯೇ ಬದಲಿಸಿಕೊಂಡರು. ಮೊದಮೊದಲು ಚೀಲ ಮೇಲೆ ಬಂದಾಗ ಹಡಗಿನ ಜನವೆಲ್ಲ ಮುತ್ತುತ್ತಿದ್ದರು. ಬರಬರುತ್ತ ಗುಂಪು ಕರಗಿ, ಊಟದ ಹೊತ್ತಿನಲ್ಲಿ ಬಂದರೆ ವಿದ್ವಾಂಸರೇ ಎಲ್ಲರೂ ಏಳುತ್ತಿರಲಿಲ್ಲವೆಂದು ಮೋಸ್ಲಿ ಪ್ರಾಮಾಣಿಕವಾಗಿ ಬರೆದಿದ್ದಾನೆ. ಮೂರೂವರೆ ವರ್ಷ, ೩೬೨ ಸ್ಥಳಗಳು, ಒಂದೇ ಕೆಲಸ. ಬೇಸರವೂ ಕಡಲಿನಷ್ಟೇ ಆಳವಾದದ್ದು.

ಬೇಸರವಾದರೆ ಸಹಿಸಬಹುದು. ಅಪಾಯದ ಮಾತು ಬೇರೆ. ಬಿಗಿದ ಹಗ್ಗವೆಂದರೆ ಎಳೆದು ಹಿಡಿದ ಬಿಲ್ಲು. ಹಡಗು ಅಲೆಯ ಮೇಲೇಳುತ್ತದೆ. ತಳದಲ್ಲಿ ಡ್ರೆಜ್ಜು ಬಂಡೆಗೆ ಸಿಕ್ಕಿಕೊಂಡಿರುತ್ತದೆ. ನಡುವೆ ಹಗ್ಗ ಏನು ಮಾಡಬೇಕು? ಇದನ್ನು ಬಲ್ಲ ಚಾಲೆಂಜರಿನವರು ಹಗ್ಗದ ಜಗ್ಗಾಟವನ್ನು ಹೀರಿಕೊಳ್ಳಲು ರಬ್ಬರ್ ಪಟ್ಟಿಗಳ ಕಂತೆಗಳನ್ನು ದೊಡ್ಡ ಅಡ್ಡಮರದಿಂದ ತೂಗುಬಿಟ್ಟಿದ್ದರು. ಪಟ್ಟಿ ಹಿಗ್ಗಿದಷ್ಟೂ ಹಗ್ಗದ ಮೇಲೆ ಬಿದ್ದಿರುವ ಭಾರ ಕಣ್ಣಿಗೆ ಕಾಣುತ್ತಿತ್ತು. ಎಂದರೆ ಹಗ್ಗವನ್ನು ಕಾಪಾಡುವ ಉಪಾಯ ಅವರಲ್ಲಿತ್ತು. ಹಗ್ಗದ ಪಕ್ಕದಲ್ಲಿ ನಿಂತವನನ್ನು ಕಾಪಾಡುವ ಉಪಾಯ ಅಷ್ಟು ಪಕ್ವವಾಗಿರಲಿಲ್ಲ.

೧೮೭೩ರ ಮಾರ್ಚ್ ಕೊನೆಯ ವಾರ, ಅಟ್ಲಾಂಟಿಕ್ ದಾಟಿ ವೆಸ್ಟ್ ಇಂಡೀಸ್ ಸಮೀಪಿಸುತ್ತಿದ್ದಾಗ, ಡ್ರೆಜ್ಜಿನ ಹಗ್ಗದ ಬಿಗಿತ ಮಿತಿ ಮೀರಿತು. ಹಗ್ಗ ಹಾಯುತ್ತಿದ್ದ ಕಬ್ಬಿಣದ ರಾಟೆ ಕಿತ್ತು ಬಂದು ವಿಲಿಯಮ್ ಸ್ಟೋಕ್ಸ್ ಎಂಬ ಹಡಗಿನ ಹುಡುಗನಿಗೆ ಬಡಿಯಿತು. ಆ ಪೆಟ್ಟಿನಿಂದ ಅವನು ಏಳಲಿಲ್ಲ. ಯಾನ ಆರಂಭವಾಗಿ ಆಗಿನ್ನೂ ಮೂರು ತಿಂಗಳು. ಅದೇ ವಾರದಲ್ಲಿ, ಸೇಂಟ್ ಥಾಮಸ್ ದ್ವೀಪದ ಉತ್ತರಕ್ಕೆ, ಅವರು ೩,೮೭೫ ಮಾರು ಆಳವನ್ನು ಕಂಡರು. ಅಲ್ಲಿಯವರೆಗೆ ಅವರು ಕಂಡ ಆಳಗಳಲ್ಲೆಲ್ಲ ಅದೇ ದೊಡ್ಡದು. ಒಂದೇ ವಾರದ ದಿನಚರಿಯಲ್ಲಿ ಈ ಎರಡೂ ಸೇರಿವೆ. ಮೊದಲನೆಯದು ವಿಜ್ಞಾನದ ಲೆಕ್ಕಕ್ಕೆ ಸೇರದು, ಎರಡನೆಯದು ಸೇರಿತು.

ಕಡಲಿನಲ್ಲಿ ಸತ್ತವರನ್ನು ಬಟ್ಟೆಯಲ್ಲಿ ಹೊಲಿದು, ಭಾರ ಕಟ್ಟಿ, ಪ್ರಾರ್ಥನೆ ಹೇಳಿ ನೀರಿಗೆ ಬಿಡುತ್ತಾರೆ. ಅಂಥದೊಂದು ಸಂಸ್ಕಾರವಾದ ಮೇಲೆ, ಸತ್ತವನ ಜೊತೆಗಾರರು ತಮ್ಮೊಳಗೊಬ್ಬನನ್ನು ಮೋಸ್ಲಿಯ ಬಳಿಗೆ ಕಳುಹಿಸಿ ಒಂದು ಸಂದೇಹ ಕೇಳಿದರಂತೆ: ನಮ್ಮವನು ನೇರವಾಗಿ ತಳಕ್ಕೆ ಹೋಗಿ ಸೇರುತ್ತಾನೆಯೇ, ಅಥವಾ ತನ್ನ ಭಾರಕ್ಕೆ ತಕ್ಕ ಮಟ್ಟದಲ್ಲಿ ನಿಂತು ಎಂದೆಂದಿಗೂ ತೇಲುತ್ತಿರುತ್ತಾನೆಯೇ? ಆಳಕ್ಕೆ ಹೋದಂತೆ ನೀರು ಗಟ್ಟಿಯಾಗುತ್ತದೆ, ಒಂದೊಂದು ವಸ್ತುವೂ ತನ್ನ ತನ್ನ ಮಟ್ಟದಲ್ಲಿ ನಿಲ್ಲುತ್ತದೆ ಎಂಬುದು ಆಗಿನ ನಾವಿಕರ ನಂಬಿಕೆ. ಅದು ನಿಜವಲ್ಲ. ನೀರು ಒತ್ತಡಕ್ಕೆ ಬಹಳ ಕಡಿಮೆ ಕುಗ್ಗುತ್ತದೆ. ಮೇಲೆ ಮುಳುಗುವಂಥದು ತಳದವರೆಗೂ ಮುಳುಗುತ್ತದೆ. ಚಾಲೆಂಜರಿನಲ್ಲಿ ಕೇಳಿದ ಪ್ರಶ್ನೆಗಳಲ್ಲೆಲ್ಲ ನನ್ನ ಮನಸ್ಸಿಗೆ ನಾಟಿದ್ದು ಇದೇ. ಕಡಲಿನ ತಳದಲ್ಲಿ ಏನಿದೆ ಎಂಬುದು ವಿದ್ವಾಂಸರಿಗೆ ಕುತೂಹಲ. ಖಲಾಸಿಗಳಿಗೆ ಅಲ್ಲಿ ತಮ್ಮವನೊಬ್ಬನಿದ್ದ.

ವಿದ್ವಾಂಸರಿಗೂ ಕಡಲು ರಿಯಾಯಿತಿ ತೋರಿಸಲಿಲ್ಲ. ೧೮೭೪ರ ಫೆಬ್ರವರಿಯಲ್ಲಿ ಅಂಟಾರ್ಕ್ಟಿಕ್ ವೃತ್ತವನ್ನು ದಾಟಿ ಹಿಂದಿರುಗುವಾಗ, ಬಿರುಗಾಳಿಯ ನಡುವೆ ಹಡಗು ಹಿಮಗಡ್ಡೆಗೆ ತಗುಲಿ ಮುಂಭಾಗದ ಮರ ಮುರಿಯಿತು. ೧೮೭೫ರ ಸೆಪ್ಟೆಂಬರ್ ೧೩ರಂದು, ಹವಾಯಿಯಿಂದ ತಾಹಿತಿಗೆ ಹೋಗುವ ದಾರಿಯಲ್ಲಿ, ವಿಲ್ಲೆಮೋಸ್-ಸೂಮ್ ಚರ್ಮಕ್ಕೆ ತಗುಲುವ ವಿಸರ್ಪಿ ಎಂಬ ಸೋಂಕಿನಿಂದ ತೀರಿಕೊಂಡ. ಅವನಿಗೆ ಆಗ ಇಪ್ಪತ್ತೆಂಟು. ಅವನನ್ನೂ ಅದೇ ನೀರು ತೆಗೆದುಕೊಂಡಿತು. ೧೮೭೬ರ ಮೇ ೨೪ರಂದು ಹಡಗು ಇಂಗ್ಲೆಂಡಿಗೆ ಮರಳಿತು. ೬೮,೮೯೦ ನಾಟಿಕಲ್ ಮೈಲಿ. ೭೧೩ ದಿನ ಕಡಲ ಮೇಲೆ. ಮೊದಲು ಹೊರಟವರಲ್ಲಿ ಹಡಗಿನಲ್ಲಿ ಉಳಿದಿದ್ದವರು ಸುಮಾರು ನೂರ ನಲವತ್ತು ಮಾತ್ರ. ಕೆಲವರು ಸತ್ತರು, ಕೆಲವರನ್ನು ಕಾಯಿಲೆಯಿಂದ ಇಳಿಸಬೇಕಾಯಿತು, ಅನೇಕರು ಬಂದರು ಸಿಕ್ಕಾಗ ಓಡಿಹೋದರು. ತಂದ ಕೆಸರು ಮತ್ತು ಪ್ರಾಣಿಗಳ ವರದಿ ೧೮೯೫ರ ವರೆಗೆ ಐವತ್ತು ಸಂಪುಟಗಳಲ್ಲಿ ಬಂತು. ಸುಮಾರು ೪,೭೦೦ ಹೊಸ ಜೀವಜಾತಿಗಳು ಅದರಿಂದ ಬೆಳಕಿಗೆ ಬಂದವು. ಥಾಮ್ಸನ್ ಅದನ್ನು ಮುಗಿಸುವ ಮೊದಲೇ ೧೮೮೨ರಲ್ಲಿ ತೀರಿಕೊಂಡ, ಮರ್ರೆ ಮುಗಿಸಿದ. ಮಹತ್ಕಾರ್ಯ, ಅದರಲ್ಲಿ ಎರಡು ಮಾತಿಲ್ಲ.

ಹಡಗಿನ ನಿಯಮ ಹುಟ್ಟುವ ಬಗೆಯನ್ನು ತಿಳಿಯಲು ಇನ್ನೊಂದು ಹಡಗನ್ನೂ ನೆನೆಯಬೇಕು. ಅಮೆರಿಕದ ಕಾರ್ನೆಗಿ ಎಂಬುದು ಭೂಮಿಯ ಕಾಂತಶಕ್ತಿಯನ್ನು ಕಡಲ ಮೇಲೆ ಅಳೆಯಲೆಂದು ೧೯೦೯ರಲ್ಲಿ ಕಟ್ಟಿದ ಹಾಯಿಹಡಗು. ದಿಕ್ಸೂಚಿಯ ಮುಳ್ಳು ಯಾವ ಸ್ಥಳದಲ್ಲಿ ನಿಜವಾದ ಉತ್ತರದಿಂದ ಎಷ್ಟು ತಪ್ಪುತ್ತದೆ ಎಂಬುದು ನಕ್ಷೆಯಲ್ಲಿ ಸರಿಯಾಗಿರದಿದ್ದರೆ ಹಡಗುಗಳು ದಾರಿ ತಪ್ಪುತ್ತವೆ. ಲೋಕದ ನಾವಿಕರೆಲ್ಲರ ಕ್ಷೇಮಕ್ಕಾಗಿ ನಡೆದ ಕೆಲಸ ಅದು. ಕಬ್ಬಿಣ ಹತ್ತಿರವಿದ್ದರೆ ಅಳತೆ ಕೆಡುವುದರಿಂದ ಹಡಗನ್ನು ಮರ, ತಾಮ್ರ, ಕಂಚುಗಳಿಂದ ಕಟ್ಟಿದರು. ಲಂಗರು ಕಂಚಿನದು, ಸರಪಳಿಯ ಬದಲು ಸೆಣಬಿನ ಹಗ್ಗ, ಊಟದ ಚಮಚ ಚೂರಿಗಳೂ ಕಬ್ಬಿಣದವಲ್ಲ. ನಮ್ಮ ಮಡಿಯ ಅಡಿಗೆಮನೆಗಳಲ್ಲಿಯೂ ಅಷ್ಟು ಕಟ್ಟುನಿಟ್ಟು ಇರಲಿಲ್ಲ. ಇಪ್ಪತ್ತು ವರ್ಷ ಹೀಗೆ ನಡೆಯಿತು. ೧೯೨೯ರ ನವೆಂಬರ್ ೨೯ರಂದು ಸಮೋವಾದ ಆಪಿಯಾ ಬಂದರಿನಲ್ಲಿ, ಯಂತ್ರಕ್ಕೆ ಬೇಕಾದ ಪೆಟ್ರೋಲನ್ನು ಹಡಗಿಗೆ ತುಂಬುತ್ತಿದ್ದಾಗ ಅದು ಸಿಡಿಯಿತು. ಕಪ್ತಾನ ಜೇಮ್ಸ್ ಆಲ್ಟ್ ಸತ್ತ. ಹಡಗಿನ ಊಳಿಗದ ಹುಡುಗನೊಬ್ಬ ಸತ್ತ. ಹಡಗು ನೀರಿನ ಮಟ್ಟದವರೆಗೆ ಉರಿದುಹೋಯಿತು. ಕಬ್ಬಿಣವನ್ನು ಒಂದು ಮೊಳೆಯಷ್ಟೂ ನಂಬದೆ ಕಾವಲು ಕಾದಿದ್ದರು. ಕೇಡು ಪೆಟ್ರೋಲಿನ ಆವಿಯಲ್ಲಿ ಬಂತು. ಅಳತೆ ಕೆಡದಂತೆ ಮಾಡಿದ ನಿಯಮಗಳು ಒಂದು ಬಗೆ, ಮನುಷ್ಯ ಕೆಡದಂತೆ ಮಾಡುವ ನಿಯಮಗಳು ಇನ್ನೊಂದು ಬಗೆ ಎಂಬುದು ಆ ಹಡಗಿನ ಕತೆಯಿಂದ ನನಗೆ ಸ್ಪಷ್ಟವಾಯಿತು.

ಈ ಎರಡನೆಯ ಬಗೆಯ ನಿಯಮಗಳು ಒಂದೇ ದಿನ ಒಬ್ಬರ ತಲೆಯಲ್ಲಿ ಹುಟ್ಟಿದವಲ್ಲ. ೧೯೧೨ರಲ್ಲಿ ಟೈಟಾನಿಕ್ ಮುಳುಗಿ ಒಂದೂವರೆ ಸಾವಿರ ಜನ ಸತ್ತ ಮೇಲೆ, ೧೯೧೪ರಲ್ಲಿ ಕಡಲ ಮೇಲಿನ ಪ್ರಾಣರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದು ಬೆಳೆದು, ತಿದ್ದುಪಡಿಯಾಗಿ, ೧೯೭೪ರ ರೂಪದಲ್ಲಿ ಇಂದು ನಡೆಯುತ್ತಿದೆ. ಸಂಶೋಧನೆಯ ಹಡಗಿನ ವಿಜ್ಞಾನಿಗಳನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂಬುದು ಬಹುಕಾಲ ಒಂದು ತೊಡಕಾಗಿತ್ತು. ಅವರು ಹಡಗು ನಡೆಸುವವರಲ್ಲ. ಟಿಕೆಟು ಕೊಂಡ ಪ್ರಯಾಣಿಕರೂ ಅಲ್ಲ. ೧೯೮೩ರಲ್ಲಿ ವಿಶೇಷ ಕಾರ್ಯದ ಹಡಗುಗಳಿಗೆಂದೇ ಒಂದು ನಿಯಮಾವಳಿ ಬಂದು, ಅವರನ್ನು ಮೂರನೆಯ ವರ್ಗವೆಂದು ಎಣಿಸಿತು. ೨೦೦೮ರಲ್ಲಿ ಅದನ್ನು ಪರಿಷ್ಕರಿಸಿದರು. ಹಡಗಿನ ಅಪಾಯಗಳನ್ನು ಕಲಿಸಿಕೊಟ್ಟರೆ ತಮ್ಮನ್ನು ತಾವು ನೋಡಿಕೊಳ್ಳಬಲ್ಲವರು ಇವರು, ಆದ್ದರಿಂದ ಕಲಿಸಲೇಬೇಕು ಎಂಬುದು ಅದರ ತಾತ್ಪರ್ಯ. ಖಲಾಸಿಗಳು “ಸೈಂಟಿಫಿಕ್ಸ್” ಎಂದು ಬೇರೆ ಮಾಡಿ ಕರೆದದ್ದು ಸರಿಯೇ ಆಗಿತ್ತೆಂದು ನೂರು ವರ್ಷಗಳ ಮೇಲೆ ಕಾನೂನು ಒಪ್ಪಿಕೊಂಡಂತಾಯಿತು.

ಇಂದು ಇಂಥ ಹಡಗು ಹತ್ತುವ ಎಂಥ ದೊಡ್ಡ ಪ್ರಾಧ್ಯಾಪಕನಾದರೂ ಮೊದಲು ವಿದ್ಯಾರ್ಥಿಯಾಗಬೇಕು. ಕೂಗು ಏಳು ಸಲ ಗಿಡ್ಡವಾಗಿ, ಒಂದು ಸಲ ನೀಳವಾಗಿ ಬಂದರೆ ಕೈಯಲ್ಲಿರುವುದನ್ನು ಬಿಟ್ಟು, ತೇಲುಕವಚ ಹಿಡಿದು ಗೊತ್ತಾದ ಜಾಗಕ್ಕೆ ಬರಬೇಕು. ಅಲ್ಲಿ ತಲೆ ಎಣಿಸುತ್ತಾರೆ. ಹಿಂಭಾಗದಲ್ಲಿ ಉಪಕರಣ ಇಳಿಸುವಾಗ ಹೆಲ್ಮೆಟ್ಟು, ಬೆರಳು ಮುಚ್ಚಿದ ಗಟ್ಟಿ ಬೂಟು, ತೇಲುಕವಚ ಇಲ್ಲದವನು ಅತ್ತ ಸುಳಿಯುವಂತಿಲ್ಲ. ರಾತ್ರಿ ಒಬ್ಬನೇ ಅಲ್ಲಿಗೆ ಹೋಗುವಂತಿಲ್ಲ. ಒಂದು ಕೈ ಕೆಲಸಕ್ಕೆ, ಇನ್ನೊಂದು ಕೈ ಹಿಡಿದುಕೊಳ್ಳುವುದಕ್ಕೆ. ಎಲ್ಲಕ್ಕಿಂತ ಮುಖ್ಯವಾದದ್ದು ಹಗ್ಗದ ನಿಯಮ. ಈಗ ಹಗ್ಗದ ಬದಲು ಹೆಚ್ಚಾಗಿ ಉಕ್ಕಿನ ತಂತಿ. ಬಿಗಿದ ತಂತಿಯ ನೇರದಲ್ಲಿ ನಿಲ್ಲಬಾರದು, ಅದನ್ನು ದಾಟಬಾರದು, ಅದರ ಸುರುಳಿಯೊಳಗೆ ಕಾಲಿಡಬಾರದು, ರಾಟೆ ಕಿತ್ತರೆ ಎತ್ತ ಹಾರೀತೆಂದು ಎಣಿಸಿ, ಆ ಕಡೆ ಇರಬಾರದು. ಇದನ್ನು ಓದುವಾಗ ನನಗೆ ಸ್ಟೋಕ್ಸನ ನೆನಪಾಗದೆ ಇರಲಿಲ್ಲ. ಹೊಸಬರಿಗೆ ಇದು ಬರಿಯ ಕಿರಿಕಿರಿಯಾಗಿ ತೋರಬಹುದು. ಆದರೆ ಪಟ್ಟಿಯಲ್ಲಿರುವ ಒಂದೊಂದು “ಬಾರದು” ಕೂಡ ಎಂದೋ, ಎಲ್ಲೋ, ಆಗಿಹೋದ ಒಂದು “ಆಯಿತು”.

ಇವು ನಮಗೆ ದೂರದ ಸಮಾಚಾರಗಳೆಂದು ಭಾವಿಸಬೇಕಾಗಿಲ್ಲ. ಮೂರೂವರೆ ವರ್ಷ ಕಡಲಿನಲ್ಲಿ ಬದುಕಿ ಬಂದ ಜಾನ್ ಮರ್ರೆ ೧೯೧೪ರಲ್ಲಿ ಸತ್ತದ್ದು ನೆಲದ ಮೇಲೆ, ಮೋಟಾರು ಅಪಘಾತದಲ್ಲಿ. ಅವನು ಬಿಟ್ಟುಹೋದ ಹಣದಿಂದ ೧೯೩೩-೩೪ರಲ್ಲಿ ಮಬಾಹಿಸ್ ಎಂಬ ಈಜಿಪ್ಟಿನ ಪುಟ್ಟ ಹಡಗು ಅರಬ್ಬಿ ಸಮುದ್ರದ ಸಂಶೋಧನೆಗೆ ಹೊರಟಿತು. ನೂರ ಮೂವತ್ತೆಂಟು ಅಡಿಯ ಹಡಗು. ನಾಯಕ, ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕನಾಗಿದ್ದ ಸೀಮೂರ್ ಸ್ಯೂವೆಲ್. ಬ್ರಿಟಿಷರೂ ಈಜಿಪ್ಟಿನವರೂ ಕೂಡಿ ದುಡಿದರು. ಕಾರವಾರ, ಮಂಗಳೂರುಗಳ ದಂಡೆಗೆ ಬಂದು ಬಡಿ­ಯುವ ಇದೇ ಸಮುದ್ರದ ನಡುನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆಯಾದ ಒಂದು ಪದರವಿದೆಯೆಂಬುದನ್ನೂ, ಆ ಆಳದ ತಳದಲ್ಲಿ ಕೆಲವೆಡೆ ಬಲೆ ಬರಿದಾಗಿ ಬರುವುದನ್ನೂ ಅವರು ಕಂಡರು. ಸ್ವಾತಂತ್ರ್ಯ ಬಂದ ಬಳಿಕ ೧೯೬೬ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿ ನಮ್ಮ ನೆರೆಯ ಗೋವೆಯಲ್ಲಿ ನೆಲೆಸಿತು. ೧೯೭೬ರಲ್ಲಿ ಗವೇಷಣಿ, ೧೯೮೩ರಲ್ಲಿ ಸಾಗರಕನ್ಯಾ ನೀರಿಗಿಳಿದವು. ಅವುಗಳ ಮೇಲೆಯೂ ಅದೇ ಪಾಳಿ, ಅದೇ ಹಗ್ಗ, ಅದೇ ಕೆಸರು. ಪತ್ರಿಕೆಯಲ್ಲಿ ಇಂಥ ಆಳದಲ್ಲಿ ಇಂಥದು ಸಿಕ್ಕಿತೆಂದು ಒಂದು ಸಾಲು ಬಂದರೆ ಅದರ ಹಿಂದೆ ಕೆಸರಾದ ಕೈಗಳು ಎಷ್ಟೋ ಇರುತ್ತವೆ.

ನಮ್ಮ ಹಿತ್ತಲ ಬಾವಿಗೆ ಈಗ ಕಬ್ಬಿಣದ ಜಾಲರಿ ಹಾಕಿದೆ. ನೀರು ನಲ್ಲಿಯಲ್ಲಿ ಬರುತ್ತದೆ. ಪಾತಾಳಗರಡಿಯನ್ನು ಈಗಿನ ಮಕ್ಕಳು ಕಂಡಿರಲಾರರು. ಈ ಹಡಗುಗಳ ಕತೆಯನ್ನು ಓದಿ ಮುಗಿಸಿದ ರಾತ್ರಿ ನನಗೆ ಅಜ್ಜಿಯ ಎರಡು ಮಾತುಗಳು ನೆನಪಾದವು. ಜೊತೆಗೆ ಅವಳು ಎತ್ತಿ ತೋರಿಸುತ್ತಿದ್ದ ಆ ಡೊಂಕು ಬೆರಳು. ಎಷ್ಟೋ ವರ್ಷ ಅದನ್ನು ನೋಡಿದ್ದೆ. ಅದು ಹೇಗೆ ಡೊಂಕಾಯಿತೆಂದು ನಾನು ಒಂದು ದಿನವೂ ಕೇಳಲಿಲ್ಲ.